ಅಮ್ಮ ನನ್ನ ಪರವಾಗಿ ಕೊಟ್ಟ ಉತ್ತರ

ಮನೆಯಿಂದ,
ಮಾರ್ಚ್ ೯, ಸೋಮವಾರ (ಮುಗಿಸುವ ಹೊತ್ತಿಗೆ ಬುಧವಾರ ಆಗಿದೆ)

ಪ್ರೀತಿಯ ಅಕ್ಕಾ,

ನಿನ್ನ ಬೆನ್ನು ಹೇಗಿದೆ? ಮೊದಲು ಅದನ್ನು ಹೇಳು. ಲಾಂಡ್ರಿಯಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಎತ್ತಬೇಡ, ಮೇಸ್ತ್ರಿ ಬೈದರೆ ಬೈದುಕೊಳ್ಳಲಿ. ಆ ಬೆನ್ನು ಹಾಳಾದದ್ದು ಎಲ್ಲಿ ಎಂದು ನನಗೆ ಗೊತ್ತಿಲ್ಲವೇ? ಮೂರನೇ ಮಹಡಿಯ ತರಗತಿಗೆ ಆರು ವರ್ಷ ನನ್ನನ್ನು ಹೊತ್ತವಳು ನೀನು. "ಏಯ್ ಮೂಟೆ, ಉಸಿರು ಬಿಗಿಹಿಡಿ, ಹಗುರ ಆಗ್ತೀಯ" ಅನ್ನುತ್ತಿದ್ದೆ. ನಾನೊಬ್ಬ ಪೆದ್ದ, ನಿಜವಾಗಿಯೂ ಹಿಡಿಯುತ್ತಿದ್ದೆ. ಶಾಲೆಯವರು ತರಗತಿಯನ್ನು ಕೆಳಗಿಳಿಸಬಹುದಿತ್ತು. ಇಳಿಸಲಿಲ್ಲ. ಬದಲಿಗೆ ಸಭೆ ಕರೆದು ನಿನ್ನ ತ್ಯಾಗಕ್ಕೆ ಚಪ್ಪಾಳೆ ತಟ್ಟಿಸಿದರು. ಅಷ್ಟೊಂದು ಕೈಗಳಲ್ಲಿ ಹತ್ತು ಕೈ ಸೇರಿದ್ದರೆ ಬೆಂಚುಗಳು ಒಂದೇ ಬೆಳಿಗ್ಗೆ ಕೆಳಗೆ ಬರುತ್ತಿದ್ದವು. ಎರಡು ವರ್ಷದ ಹಿಂದೆ ಮೂಳೆ ಡಾಕ್ಟರು "ಇನ್ನು ಎತ್ತಿದರೆ ನೀನೂ ಮಲಗ್ತೀಯ" ಎಂದಾಗ ನೀನು ಬೇರೆ ಊರಿಗೆ ಹೋದೆ. ಸರಿಯಾಗಿಯೇ ಮಾಡಿದೆ. ಈ ಮಾತನ್ನು ನಾನು ಆವತ್ತೇ ಹೇಳಬೇಕಿತ್ತು, ಮುಖ ತಿರುಗಿಸಿಕೊಂಡು ಕೂತೆ.

ನನ್ನ ವಿಷಯಕ್ಕೆ ಬಂದರೆ, ಎಡಗೈ ಚಳಿಗಾಲದಲ್ಲೇ ಕೈಕೊಟ್ಟಿತು. ಬಲಗೈಯ ಎರಡು ಬೆರಳು ಇನ್ನೂ ನನ್ನ ಮಾತು ಕೇಳುತ್ತವೆ; ಈ ಕಾಗದ ಅವುಗಳದ್ದೇ ದುಡಿಮೆ. ಮುದ್ರಣಾಲಯದವರು ಫೋನಿನಲ್ಲೇ ಕರಡು ತಿದ್ದುವ ಕೆಲಸ ಕೊಟ್ಟಿದ್ದಾರೆ. ಪಂಪ್‌ಸೆಟ್ಟಿನ ಕೈಪಿಡಿ, ಶಾಲೆಯ ಭೂಗೋಳ, ಏನು ಬಂದರೂ ತಿದ್ದುತ್ತೇನೆ. ಇಡೀ ದಿನ ಊರಿನವರ ತಪ್ಪು ಹುಡುಕುವುದರಲ್ಲಿ ಎಂಥ ಸುಖ ಇದೆ ಗೊತ್ತಾ! ಮತ್ತೆ, ನನಗೆ ಹದಿನೆಂಟು ತುಂಬಿತು. ಅವತ್ತು ಸ್ನಾಯು ಸವೆಸುವ ಈ ರೋಗ ನಿಲ್ಲಲಿಲ್ಲ. ವ್ಯಾಯಾಮ ಮಾಡಿಸುವವಳು ಬರುವುದು ನಿಂತಿತು, ಆಸ್ಪತ್ರೆಯ ವ್ಯಾನು ನಿಂತಿತು, ಮಕ್ಕಳ ಆಸ್ಪತ್ರೆಯ ಕಡತ ಮುಚ್ಚಿತು. ನಾನು ಇಷ್ಟು ದಿನ ಬದುಕುತ್ತೇನೆ ಎಂದು ಅವರು ಲೆಕ್ಕ ಹಾಕಿರಲಿಲ್ಲವೋ ಏನೋ. "ಇನ್ಮೇಲೆ ನೀವು ದೊಡ್ಡವರು" ಎಂದು ನರ್ಸಮ್ಮ ಕೆನ್ನೆ ಚಿವುಟಿ ಕಳಿಸಿದಳು.

ದೊಡ್ಡವರ ಆಸ್ಪತ್ರೆಯಲ್ಲಿ ಕಳೆದ ಗುರುವಾರ ನಡೆದದ್ದನ್ನು ಕೇಳು. ಹೊಸ ಡಾಕ್ಟರು ಉಸಿರಿನ ಪರೀಕ್ಷೆಯ ಕಾಗದ ನೋಡಿ, ಮುಂದೆ ಎಂದಾದರೂ ಉಸಿರು ನಿಂತರೆ ಗಂಟಲಿಗೆ ನಳಿಗೆ ಹಾಕಿ ಯಂತ್ರಕ್ಕೆ ಜೋಡಿಸುವುದು ಬೇಕೋ ಬೇಡವೋ ಎಂದು ಕೇಳಿದರು. ಕೇಳಿದ್ದು ನನ್ನನ್ನೇ, ನನ್ನ ಮುಖವನ್ನೇ ನೋಡಿ. ನಮ್ಮ ಮನೆಯ ನಿಯಮ ನಿನಗೆ ಗೊತ್ತಲ್ಲ: ಡಾಕ್ಟರ ಮುಂದೆ ಅಮ್ಮನದೇ ಮಾತು. ಎಷ್ಟು ನಿದ್ದೆ ಮಾಡಿದ, ಎಲ್ಲಿ ನೋವು, ಎಲ್ಲಕ್ಕೂ ಹನ್ನೆರಡು ವರ್ಷದಿಂದ ಅವಳದೇ ಉತ್ತರ. ಅವತ್ತೂ ಅವಳೇ ಹೇಳಿದಳು: "ಬೇಡ ಡಾಕ್ಟ್ರೇ. ಅವನು ಪಟ್ಟಿದ್ದು ಸಾಕು." ಡಾಕ್ಟರು ಮತ್ತೆ ನನ್ನ ಕಡೆ ನೋಡಿದರು. ಕಾದರು. ಮನೆಯಲ್ಲಿ ಎಲ್ಲದಕ್ಕೂ ಜಗಳ ತೆಗೆಯುವ ನಾನು, ಅಕ್ಕಾ, ಬಾಯಿ ಬಿಡಲಿಲ್ಲ. ಅಭ್ಯಾಸಬಲದಿಂದ ತಲೆ ಬಗ್ಗಿಸಿಬಿಟ್ಟೆ. ಅವರು ಬರೆದುಕೊಂಡರು: ರೋಗಿಗೆ ಬೇಡವಂತೆ.

ಆಟೋದಲ್ಲಿ ಬರುವಾಗ ಅಮ್ಮ ನನ್ನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. "ನಾನು ಹೋದ ಮೇಲೆ ಆ ಯಂತ್ರದ ಪಕ್ಕ ಯಾರೋ ಕೂತ್ಕೊಳ್ಳೋರು? ಹೇಳು, ಯಾರು?" ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಈ ಪ್ರಶ್ನೆಯನ್ನು ಒಬ್ಬ ಹೆಂಗಸಿನ ಕೊರಳಿಗೆ ಕಟ್ಟಿ ತಾವು ಕೈತೊಳೆದುಕೊಂಡವರ ಮೇಲೆ. ನನ್ನ ಪಕ್ಕ ಕೂರಲು ಒಬ್ಬರನ್ನು ಕೊಡಲಾಗದ ಊರು, ನಾನು ಸಾಯುವುದನ್ನು ಕರುಣೆ ಅನ್ನುತ್ತದೆ. ಆ ಕರುಣೆಗೆ ಬೆಂಕಿ ಬೀಳಲಿ. ನನಗೆ ಸಾಕಾಗಿಲ್ಲ. ಭೂಗೋಳದ ಪುಸ್ತಕವೇ ಇನ್ನೂ ಅರ್ಧ ಉಳಿದಿದೆ.

ಅಮ್ಮ ಆರೋಗ್ಯವಾಗಿದ್ದಾಳೆ, ಮಂಡಿ ಮಾತ್ರ ಹಿಡಿದಿದೆ. ನಿನ್ನ ರೂಮಿನ ಗೆಳತಿಗೆ ನಾನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ತಿನ್ನು, ಬೆನ್ನಿಗೆ ಬಿಸಿನೀರು ಹಾಕಿಕೋ.

ನಿನ್ನ
ಮೂಟೆ

ತಾ.ಕ.: ಅಮ್ಮ ನೀರು ಹಿಡಿಯಲು ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಆಸ್ಪತ್ರೆಯ ಗುಮಾಸ್ತೆಗೆ ನಾನೇ ಫೋನ್ ಮಾಡಿದೆ. ಬರೆದದ್ದನ್ನು ಬದಲಿಸಬಹುದಂತೆ, ಡಾಕ್ಟರ ಮುಂದೆ ನನ್ನ ಬಾಯಲ್ಲೇ ಹೇಳಬೇಕು. ನನಗೆ ಮಾತಾಡಲು ಆಗದ ದಿನ ನನ್ನ ಪರವಾಗಿ ಹೇಳುವ ಒಬ್ಬರ ಸಹಿಯೂ ಬೇಕು. ಕೇಳದೆ ನಿನ್ನ ಹೆಸರು ಕೊಟ್ಟಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಗುರುವಾರ ೧೯ಕ್ಕೆ, ಹತ್ತು ಗಂಟೆಗೆ, ಅವಳ ಎದುರಿಗೇ ಹೇಳುತ್ತೇನೆ. ನೀನು ಬಾ. ಎತ್ತುವುದಕ್ಕಲ್ಲ, ಎತ್ತಲು ಬಂದರೆ ಕಚ್ಚುತ್ತೇನೆ, ಹಲ್ಲು ಇನ್ನೂ ಗಟ್ಟಿ ಇವೆ. ಪಕ್ಕದಲ್ಲಿ ನಿಂತುಕೋ, ಅಷ್ಟೇ. ಅಲ್ಲೂ ನನ್ನ ಧ್ವನಿ ಹೊರಡದಿದ್ದರೆ, ಇಲ್ಲವೇ ಮುಂದೆ ಎಂದಾದರೂ ಯಾರಾದರೂ ನಿನ್ನನ್ನು ಕೇಳಿದರೆ, ನನ್ನ ಮುಖ ನೋಡಿ ಕನಿಕರಪಡಬೇಡ. ಬೇಕು ಅನ್ನು.