ಮುಕ್ತಾ ಗೋಲಿಗೆ ನಿಂತ ಭಾನುವಾರ

ಮಡಗಾಂವ, ಗೋವಾ
ಬುಧವಾರ, ೨೧ ಅಕ್ಟೋಬರ್ ೨೦೨೦

ಪ್ರೀತಿಯ ನಿಸ್ಸಿ,

ನಾನು ಆರಾಮಾಗಿದ್ದೇನೆ. ನೀನು ಹೇಗಿದ್ದೀ ಎಂದು ಕೇಳುವುದಿಲ್ಲ. ಕೇಳಿದರೆ, ಮೂಗಿನ ಮೇಲೆ ಮಾಸ್ಕಿನ ಗಾಯ ಇಟ್ಟುಕೊಂಡೇ ಬರೋಬ್ಬರಿ ಇದ್ದೇನಿ ಎನ್ನುವವಳು ನೀನು.

ಗೆದ್ದೆವು ಎಂಬುದನ್ನಷ್ಟೇ ಅವತ್ತು ಫೋನಿನಲ್ಲಿ ಹೇಳಿದ್ದೆ. ಉಳಿದದ್ದನ್ನೆಲ್ಲ ಬರೆದು ಕಳಿಸು ಎಂದು ನೀನು ಹಟ ಹಿಡಿದೆ. ಕೋವಿಡ್ ವಾರ್ಡಿನೊಳಗೆ ನರ್ಸುಗಳು ಫೋನ್ ಒಯ್ಯುವಂತಿಲ್ಲ, ಕಾಗದವಾದರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ರೋಗಿಗಳಿಗೆ ಓದಿ ಹೇಳಬಹುದು ಎಂದು ನೀನೇ ಅಂದೆ. ಔರಾದ ಕಡೆಯ ಅಕ್ತರಬೀ ಎಂಬ ಅಜ್ಜಿ ಮೂಗಿನಲ್ಲಿ ಆಕ್ಸಿಜನ್ ನಳಿಕೆ ಇದ್ದರೂ ದಿನಾ ನನ್ನ ಆಟದ ಸುದ್ದಿ ಕೇಳುತ್ತಾರಂತಲ್ಲ. ಬರೆಯುವುದು ಇಷ್ಟು ತಡವಾಯಿತೇಕೆ ಎಂದು ಮಾತ್ರ ಕೇಳಬೇಡ. ಅಕ್ತರಬೀ ಅವರಿಗೆ ಫುಟ್‌ಬಾಲ್ ಗೊತ್ತಿಲ್ಲದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದೇನೆ. ನೀನು ನಗಬಾರದು.

ಮಾರ್ಚಿನಲ್ಲಿ ಲಾಕ್‌ಡೌನಿನಿಂದ ಲೀಗ್ ನಿಂತಾಗ ನಮಗೆ ಉಳಿದಿದ್ದದ್ದು ಫೈನಲ್ ಒಂದೇ. ಬ್ಯಾಗು ಕಟ್ಟಿಕೊಂಡು ಊರಿಗೆ ಹೋಗಿ ಎಂದರು. ಭಾಲ್ಕಿಗೆ ಬಂದು ಆರು ತಿಂಗಳು ಮನೆಯಲ್ಲಿ ಕೂತೆ. ಕೂತೆ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಜನ ಏಳುವ ಮೊದಲು ಸಾಯಗಾಂವದ ದಾರಿಯಲ್ಲಿ ಓಡುತ್ತಿದ್ದೆ. ಪೊಲೀಸರು ಹಿಡಿದು ಮನೆಗೆ ಕಳಿಸಿದ್ದೂ ಉಂಟು. ಸಂಜೆ ಅಂಗಳದ ಗೋಡೆಗೆ ಚೆಂಡು ಒದೆಯುತ್ತಿದ್ದೆ. ಗೋಡೆಯಾಚೆಯ ವೈಜಿನಾಥ ಕಾಕಾ ಮೊದಮೊದಲು ಬೈದರು. ಆಮೇಲಾಮೇಲೆ ಒಂದು ದಿನ ಸದ್ದು ಕೇಳದಿದ್ದರೆ ಹುಡುಗಿಗೆ ಹುಷಾರಿಲ್ಲವೇನು ಎಂದು ಅಪ್ಪನನ್ನು ವಿಚಾರಿಸತೊಡಗಿದರು.

ಇಪ್ಪತ್ತೇಳು ವಯಸ್ಸಿನ ಆಟಗಾರ್ತಿಗೆ ಆರು ತಿಂಗಳೆಂದರೆ ಏನೆಂದು ನಿನಗೆ ಗೊತ್ತು. ಮುಂದಿನ ವರ್ಷ ಹೆಂಗಸರ ತಂಡ ಇರುತ್ತದೋ ಇಲ್ಲವೋ, ಫೈನಲ್ ಮುಗಿದ ಮೇಲೆ ನೋಡೋಣ ಎಂದು ಬೆಂಗಳೂರಿನ ನಮ್ಮ ಕ್ಲಬ್ಬಿನವರು ತೇಲಿಸಿ ಹೇಳಿದ್ದರು. ಆ ಒಂದು ಆಟಕ್ಕೆ ನಮ್ಮ ಹದಿನೆಂಟು ಜನರ ಅನ್ನ ನೇತುಬಿದ್ದಿತ್ತು. ಸೆಪ್ಟೆಂಬರಿನಲ್ಲಿ ಕರೆ ಬಂತು: ಪ್ರೇಕ್ಷಕರಿಲ್ಲದೆ ಆಡಿಸುತ್ತೇವೆ, ಗೋವಾಕ್ಕೆ ಬನ್ನಿ. ಬಂದೆವು. ಹೋಟೆಲಿನ ಒಂದು ಮಹಡಿಯಲ್ಲಿ ನಮ್ಮನ್ನು ಇಟ್ಟರು. ಕೋಣೆಯಿಂದ ಬಸ್ಸು, ಬಸ್ಸಿನಿಂದ ಮೈದಾನ, ಮತ್ತೆ ಕೋಣೆ. ಮೂಗಿಗೆ ಕಡ್ಡಿ ಹಾಕಿಸಿಕೊಂಡೂ ಹಾಕಿಸಿಕೊಂಡೂ ಸೀನು ಬರುವುದೇ ಮರೆತುಹೋಯಿತು.

ಅಕ್ಟೋಬರ್ ಹನ್ನೊಂದರ ಭಾನುವಾರ ಫೈನಲ್. ಶುಕ್ರವಾರದ ಪರೀಕ್ಷೆಯಲ್ಲಿ ನಮ್ಮ ಗೋಲ್‌ಕೀಪರ್ ಅಂಬರೀನಳಿಗೆ ಪಾಸಿಟಿವ್ ಬಂತು. ಅಂಬರೀನ ಕಲಬುರ್ಗಿಯ ಹುಡುಗಿ, ನಾನು ಕಂಡ ಗೋಲ್‌ಕೀಪರುಗಳಲ್ಲಿ ನಿನ್ನನ್ನು ಬಿಟ್ಟರೆ ಅವಳೇ. ಅವಳ ಜೊತೆ ಒಂದೇ ಕೋಣೆಯಲ್ಲಿದ್ದವಳು ನಮ್ಮ ಎರಡನೆಯ ಕೀಪರ್. ಅವಳನ್ನೂ ಪ್ರತ್ಯೇಕ ಇಟ್ಟರು. ಹನ್ನೊಂದು ಜನ ಆರೋಗ್ಯವಾಗಿದ್ದರೆ ಆಟ ಆಡಲೇಬೇಕು, ಇಲ್ಲದಿದ್ದರೆ ಗೆದ್ದವರಿಗೆ ಕೊಡುವ ಬಟ್ಟಲು ಎದುರಾಳಿಗೆ. ಅದು ಲೀಗಿನ ನಿಯಮ.

ಕೋಚ್ ವಿಶಾಖಾ ಮೇಡಂ ನಮ್ಮನ್ನೆಲ್ಲ ಊಟದ ಹಾಲಿನಲ್ಲಿ ದೂರದೂರ ಕೂರಿಸಿ, ಯಾವಾಗಲಾದರೂ ಗೋಲಿನಲ್ಲಿ ನಿಂತವರು ಯಾರಿದ್ದೀರಿ ಎಂದು ಕೇಳಿದರು. ಯಾರೂ ನಿಂತಿರಲಿಲ್ಲ. ನಾನೂ ನಿಂತವಳಲ್ಲ. ಆದರೆ ಬೀದರದ ನಮ್ಮ ಮಿಷನ್ ಶಾಲೆಯ ಮೈದಾನದಲ್ಲಿ ಎಷ್ಟು ವರ್ಷ ನಿನ್ನ ಎದುರು ನಿಂತು ಒದ್ದಿದ್ದೇನೆ! ಗೋಲಿನಲ್ಲಿ ನಿಂತವಳು ಹೇಗೆ ಕಾಲು ಬದಲಿಸುತ್ತಾಳೆ, ಯಾವಾಗ ಮುಂದೆ ಬರುತ್ತಾಳೆ ಎಂದು ನೋಡಿ ನೋಡಿ ಬೇಸತ್ತವಳು ನಾನು. ಆ ಧೈರ್ಯದ ಮೇಲೆ ಕೈ ಎತ್ತಿದೆ.

ಅವತ್ತು ಸಂಜೆ ನಿನಗೆ ಫೋನ್ ಮಾಡಿದ್ದು ಅದಕ್ಕೇ. ನೀನು ಆಗಷ್ಟೇ ಡ್ಯೂಟಿ ಮುಗಿಸಿ ಹೊರಬಂದಿದ್ದೆ, ದನಿ ಸೋತಿತ್ತು. ಸಂಗತಿ ಕೇಳಿದ ಮೇಲೆ ಮಾತ್ರ ಹಳೆಯ ನಿಸ್ಸಿಯೇ ಎದ್ದು ಕೂತಳು. ಎಲ್ಲಿ ನಿಲ್ಲಬೇಕು, ಹೇಗೆ ಬೀಳಬೇಕು, ಬಿದ್ದಾಗ ಮೊಣಕೈ ಎಲ್ಲಿರಬೇಕು ಎಂದು ಒಂದೊಂದಾಗಿ ಹೇಳಿದೆ. ಕೊನೆಗೆ ಹೇಳಿದ ಮಾತು ನಿನಗೆ ನೆನಪಿದೆಯೋ ಇಲ್ಲವೋ, ನಾನು ಮಾತ್ರ ಎರಡು ದಿನ ಅದನ್ನೇ ಜಪಿಸಿದೆ.

“ಚೆಂಡ್ ನೋಡಬ್ಯಾಡ ಮುಕ್ತಾ, ಒದೆಯಾಕಿ ಸೊಂಟ ನೋಡು. ಕಾಲು ಸುಳ್ಳ ಹೇಳ್ತದ, ಸೊಂಟ ಹೇಳಂಗಿಲ್ಲ. ಮತ್ತ ಬಾಯಿ ಮುಚ್ಚಿ ನಿಂದರಬ್ಯಾಡ. ಗೋಲಿನಾಗ ನಿಂತಾಕಿ ಸುಮ್ಮ ಆದ್ರ ಮುಂದಿನವರಿಗಿ ಪರೇಶಾನಿ ಆಗ್ತದ.”

ಖಾಲಿ ಸ್ಟೇಡಿಯಂ ಹೇಗಿರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಗಂಡಸರ ತಂಡದವರಿಗೆ ಅದು ಹೊಸದಿರಬಹುದು. ನಮ್ಮ ಆಟಕ್ಕೆ ಯಾವ ಕಾಲದಲ್ಲಿ ಜನ ಕಿಕ್ಕಿರಿದಿದ್ದರು? ಬಂದವರಲ್ಲಿ ಅರ್ಧ ನಮ್ಮ ನೆಂಟರು, ಉಳಿದರ್ಧ ನೆರಳಿಗೆ ಕೂತವರು. ಆದರೂ ಈ ನಿಶ್ಶಬ್ದ ಬೇರೆಯೇ ಇತ್ತು. ಸಾವಿರಾರು ಕುರ್ಚಿಗಳು, ಒಂದು ತಲೆಯಿಲ್ಲ. ಚೆಂಡು ಒದ್ದ ಸದ್ದು ಹೋಗಿ ಆಚೆಯ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಕಾಗೆ ಕೂಗಿದ್ದು, ರೆಫರಿ ಕೆಮ್ಮಿದ್ದು, ಎದುರಾಳಿಯ ಹುಡುಗಿ ತನ್ನಷ್ಟಕ್ಕೆ ಗೊಣಗಿಕೊಂಡದ್ದು ಎಲ್ಲವೂ ಕೇಳುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದದ್ದು ಪುಣೆ ತಂಡದ ಕೋಚಿನ ಗಂಟಲು. ಆತ ಗೆರೆಯ ಪಕ್ಕ ನಿಂತು ಆಟ ಶುರುವಾದಾಗಿನಿಂದ ಅರಚುತ್ತಲೇ ಇದ್ದ, ಶುದ್ಧ ಮರಾಠಿಯಲ್ಲಿ. ನಾವು ಬೆಂಗಳೂರಿನ ತಂಡ, ನಮಗೆಲ್ಲಿ ತಿಳಿಯಬೇಕು ಎಂಬ ನಂಬಿಕೆ. ನಮ್ಮ ಮನೆ ನಿನಗೆ ಗೊತ್ತಲ್ಲ. ಮಹಾರಾಷ್ಟ್ರದ ಉದಗೀರದಿಂದ ಬಂದ ತಾಯಿ, ನಮ್ಮ ಆಯಿ, ಬೈಯುವುದು ಮರಾಠಿಯಲ್ಲಿ, ಅಪ್ಪ ಸಮಾಧಾನ ಮಾಡುವುದು ಕನ್ನಡದಲ್ಲಿ. ಆ ಮನುಷ್ಯನ ಒಂದೊಂದು ಮಾತೂ ಆಯಿಯ ಅಡುಗೆಮನೆಯಿಂದಲೇ ಬಂದಂತೆ ನನ್ನ ಕಿವಿಗೆ ಬೀಳುತ್ತಿತ್ತು.

“ಲಾಂಬೂನ್ ಮಾರಾ, ತೀ ಕೀಪರ್ ನಾಹೀ.” ದೂರದಿಂದ ಹೊಡೆಯಿರಿ, ಅವಳು ಕೀಪರ್ ಅಲ್ಲ.

ಹೊಡೆದರು. ಎರಡನ್ನು ಎದೆಗೊಡ್ಡಿ ತಡೆದೆ. ಮೂರನೆಯದು ಗುಂಡಿನಂತೆ ಬಂತು. ಬಲಗೈಗೆ ತಾಗಿಯೂ ಒಳಗೆ ಹೋಯಿತು. ಕೈ ಸ್ವಲ್ಪ ಉರಿಯಿತು, ಅಷ್ಟೆ. ಅವರ ಹುಡುಗಿಯರು ಕುಣಿದಾಡಿದ ಸದ್ದು ಆ ಖಾಲಿ ಜಾಗದಲ್ಲಿ ನೂರು ಜನ ಕುಣಿದ ಹಾಗೆ ಕೇಳಿಸಿತು. ನಮ್ಮ ಕ್ಯಾಪ್ಟನ್ ಕ್ಯಾರೊಲಿನ ಬಂದು ನನ್ನ ಭುಜ ತಟ್ಟಿ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಹಾಫ್ ಟೈಮಿನಲ್ಲಿ ವಿಶಾಖಾ ಮೇಡಂಗೆ ಹೇಳಿದೆ: ಮೇಡಂ, ಅವರ ಕೋಚ್ ಹೇಳುವುದೆಲ್ಲ ನನಗೆ ತಿಳಿಯುತ್ತದೆ. ಅವರು ನೀರು ಕುಡಿಯುತ್ತಿದ್ದವರು ಬಾಟಲಿ ಕೆಳಗಿಟ್ಟರು. ಹಾಗಿದ್ದರೆ ಇಷ್ಟು ಹೊತ್ತು ಬಾಯಲ್ಲಿ ಏನಿಟ್ಟುಕೊಂಡಿದ್ದೆ ಎಂದು ಕೇಳಿದರು. ನೀನು ಹೇಳಿದ್ದ ಬುದ್ಧಿಯನ್ನೇ ನಾನು ಮರೆತಿದ್ದೆ ನಿಸ್ಸಿ. ಹೆದರಿಕೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಎರಡನೆಯ ಅರ್ಧದಲ್ಲಿ ಬಾಯಿ ಬಿಟ್ಟೆ. ಆತ ಮರಾಠಿಯಲ್ಲಿ ಎಡಗಡೆಯಿಂದ ನುಗ್ಗು ಎನ್ನುವಷ್ಟರಲ್ಲಿ ನಾನು ಕನ್ನಡದಲ್ಲಿ ನಮ್ಮವರಿಗೆ ಆ ಬದಿ ಮುಚ್ಚಿ ಎನ್ನುತ್ತಿದ್ದೆ. ಹತ್ತು ನಂಬರಿನವಳಿಗೆ ಕೊಡು ಎಂದರೆ ಹತ್ತು ನಂಬರಿನವಳ ಬೆನ್ನಿಗೆ ನಮ್ಮವಳು ಅಂಟಿರುತ್ತಿದ್ದಳು. ಹೋದಲ್ಲೆಲ್ಲ ದಾರಿ ಕಟ್ಟಿದ್ದನ್ನು ಕಂಡು ಅವರ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಆತ ಇನ್ನಷ್ಟು ಜೋರಾಗಿ ಅರಚಿದ, ನನಗೆ ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿತು. ಇತ್ತ ನಮ್ಮವರ ಕಾಲಿಗೆ ಜೀವ ಬಂತು. ಕಾರ್ನರಿನಿಂದ ಬಂದ ಚೆಂಡಿಗೆ ಕ್ಯಾರೊಲಿನ ತಲೆ ಕೊಟ್ಟಳು, ಸಮ ಆಯಿತು. ಸ್ವಲ್ಪ ಹೊತ್ತಿಗೆ ಅವಳೇ ಮಧ್ಯದಿಂದ ಒಂಟಿಯಾಗಿ ಎಳೆದುಕೊಂಡು ಹೋಗಿ ಇನ್ನೊಂದು ಹೊಡೆದಳು. ಎರಡು–ಒಂದು.

ಆಟ ಮುಗಿಯಲು ಬಂದಿತ್ತು. ಆಗ ನಮ್ಮ ಡಿಫೆಂಡರ್ ಒಬ್ಬಳು ಗೋಲಿನ ಮುಂದೆ ಅವರ ಹುಡುಗಿಯನ್ನು ಕೆಡವಿದಳು. ಪೆನಾಲ್ಟಿ. ಅಕ್ತರಬೀ ಅವರಿಗೆ ಹೇಳು: ಪೆನಾಲ್ಟಿ ಎಂದರೆ ಚೆಂಡನ್ನು ಗೋಲಿನ ಎದುರಿಗಿಟ್ಟು ಒಬ್ಬಳು ಒದೆಯುತ್ತಾಳೆ, ತಡೆಯಲು ಒಬ್ಬಳೇ ನಿಂತಿರುತ್ತಾಳೆ, ಉಳಿದವರೆಲ್ಲ ನೋಡುತ್ತಾರೆ.

ಮೈದಾನ ತಣ್ಣಗಾಯಿತು. ಒದೆಯುವ ಹುಡುಗಿ ಚೆಂಡಿಟ್ಟು ಹಿಂದೆ ಹೋದಳು. ಆ ಮೌನದಲ್ಲಿ ಆತ ಕೂಗಿದ: “ಡಾವೀಕಡೇ, ಖಾಲೀ ಮಾರ.” ಎಡಕ್ಕೆ, ಕೆಳಗೆ ಹೊಡಿ.

ಅವಳ ಎಡ ಎಂದರೆ ನನ್ನ ಬಲ. ಇಷ್ಟು ಸುಲಭವೇ ಎನಿಸಿದ ಕ್ಷಣವೇ ಅನುಮಾನ ಬಂತು. ಇವರಿಗೆ ನನ್ನ ಗುಟ್ಟು ಗೊತ್ತಾಗಿ ಬೇಕೆಂದೇ ಹೀಗೆ ಕೂಗಿದರೆ? ಈ ಹುಡುಗಿ ಕೋಚಿನ ಮಾತು ಕೇಳುವವಳೋ ಅಲ್ಲವೋ? ಅವಳು ಓಡಿ ಬಂದಳು. ನಾನು ಕಿವಿಯನ್ನೂ ಬಿಟ್ಟೆ, ಚೆಂಡನ್ನೂ ಬಿಟ್ಟೆ. ಅವಳ ಸೊಂಟ ನೋಡಿದೆ. ಸೊಂಟ ನನ್ನ ಬಲಕ್ಕೆ ತೆರೆದುಕೊಂಡಿತು, ನಿಸ್ಸಿ. ಹಾರಿದೆ. ಬೆರಳ ತುದಿಗೆ ತಾಗಿದ ಚೆಂಡು ಕಂಬಕ್ಕೆ ಬಡಿದು ಹೊರಬಂತು. ಕ್ಯಾರೊಲಿನ ಅದನ್ನು ಆಕಾಶಕ್ಕೆ ಒದ್ದಳು. ಅದು ಕೆಳಗೆ ಬೀಳುವುದರೊಳಗೆ ರೆಫರಿಯ ಸೀಟಿ ಆಯಿತು.

ಆಮೇಲೆ ನಮ್ಮ ಸದ್ದೇ ಸದ್ದು. ಎಲ್ಲರೂ ನನ್ನ ಮೇಲೆ ಬಿದ್ದರು. ಆ ರಾಶಿಯ ಅಡಿಯಿಂದ ನೋಡಿದರೆ, ಆಂಬುಲೆನ್ಸಿನ ಪಕ್ಕ ತಲೆಯಿಂದ ಕಾಲತನಕ ಬಿಳಿ ಪ್ಲಾಸ್ಟಿಕ್ ತೊಟ್ಟ ನರ್ಸ್ ಒಬ್ಬಳು ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ. ನೀನೇ ಎಂದುಕೊಂಡೆ. ಹಾಗಂದುಕೊಂಡ ಮೇಲೆ ಅಳು ತಡೆಯಲಾಗಲಿಲ್ಲ.

ಪುಣೆಯ ಕೋಚ್ ನಮ್ಮೆಲ್ಲರ ಮೊಣಕೈಗೆ ಮೊಣಕೈ ತಾಗಿಸಿ ಅಭಿನಂದಿಸುತ್ತ ಬಂದರು. ಕನ್ನಡದಲ್ಲಿ ಅಷ್ಟೊಂದು ಮಾತಾಡುತ್ತಿದ್ದೆಯಲ್ಲ, ಏನು ಹೇಳುತ್ತಿದ್ದೆ ಎಂದು ಹಿಂದಿಯಲ್ಲಿ ಕೇಳಿದರು. ನಾನು ಮರಾಠಿಯಲ್ಲೇ, ನೀವು ಹೇಳಿದ್ದನ್ನೇ ಸರ್ ಎಂದೆ. ಊರು ಯಾವುದೆಂದು ಕೇಳಿದರು. ಭಾಲ್ಕಿ, ನಿಮ್ಮ ಗಡಿಯ ಪಕ್ಕದ್ದೇ ಎಂದದ್ದೇ ಹಣೆ ಬಡಿದುಕೊಂಡು ನಗುತ್ತ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು.

ಇನ್ನು ಮನೆಯ ಸುದ್ದಿ. ಜನರನ್ನು ಒಳಗೆ ಬಿಡದ ಕಾರಣಕ್ಕೆ ನಮ್ಮ ಆಟವನ್ನು ಮೊದಲ ಸಲ ಮೊಬೈಲಿನಲ್ಲಿ ನೇರ ತೋರಿಸಿದರು. ತಮ್ಮ ಅಜಿಂಕ್ಯ ಅದನ್ನು ಟಿವಿಗೆ ಜೋಡಿಸಿ, ಟಿವಿಯನ್ನು ಕಟ್ಟೆಯ ಮೇಲೆ ತಂದಿಟ್ಟನಂತೆ. ಓಣಿಯವರೆಲ್ಲ ಅವರವರ ಬಾಗಿಲಲ್ಲಿ ನಿಂತು ನೋಡಿದರಂತೆ. ಹತ್ತು ವರ್ಷದಿಂದ ಆಡುತ್ತಿದ್ದೇನೆ, ಆಯಿ ನನ್ನ ಆಟ ಕಂಡದ್ದು ಅದೇ ಮೊದಲು. ಫೋನ್ ಮಾಡಿದಾಗ ಹೇಳಿದಳು: “ನಿನ್ನ ದನಿ ಕೇಳಿಸಿತು. ಅಷ್ಟು ದೊಡ್ಡ ಜಾಗದಲ್ಲಿ ನಿನ್ನದೊಂದೇ ದನಿ. ಎಲ್ಲರೂ ನೀನು ಹೇಳಿದಂತೆ ಕೇಳುತ್ತಿದ್ದರು.” ನನಗೆ ಬಟ್ಟಲು ಎತ್ತಿದ್ದಕ್ಕಿಂತ ಅದು ಹೆಚ್ಚಾಯಿತು.

ಮೊನ್ನೆ ಕ್ಲಬ್ಬಿನಿಂದ ಸಂದೇಶ ಬಂತು. ತಂಡ ಉಳಿಯುತ್ತದೆ. ಹದಿನೆಂಟೂ ಜನ ಉಳಿಯುತ್ತೇವೆ.

ಬೀದರಕ್ಕೆ ಬಂದ ದಿನ ನಿನ್ನ ಆಸ್ಪತ್ರೆಯ ಗೇಟಿನ ಹೊರಗೇ ನಿಂತಿರುತ್ತೇನೆ, ನೀನು ಡ್ಯೂಟಿ ಮುಗಿಸಿ ಬರುವತನಕ. ಅಕ್ತರಬೀ ಅಷ್ಟರೊಳಗೆ ಎದ್ದು ತಮ್ಮ ಮನೆ ಸೇರಿರಬೇಕು. ಆಟ ಗೆದ್ದವಳು ಅಪ್ಪಣೆ ಮಾಡಿದ್ದಾಳೆ ಎಂದು ಹೇಳು.

ಸದಾ ನಿನ್ನ ಎದುರು ನಿಂತು ಒದೆಯಲು ಹಂಬಲಿಸುವ,
ಮುಕ್ತಾ

ತಾ.ಕ.: ನಿಸ್ಸಿ ಅಕ್ಕ, ನಾನು ಅಂಬರೀನ. ನಿನ್ನೆ ನೆಗೆಟಿವ್ ಬಂದು ಹೊರಗೆ ಬಿಟ್ಟರು. ಈ ಪತ್ರದ ಅಕ್ಷರ ನನ್ನದು; ಮುಕ್ತಾ ಹೇಳಿದಳು, ನಾನು ಬರೆದೆ. ಈಗ ಅವಳು ಊಟಕ್ಕೆ ಹೋಗಿದ್ದಾಳೆ, ಅದಕ್ಕೇ ಇದಿಷ್ಟನ್ನು ಕದ್ದು ಸೇರಿಸುತ್ತಿದ್ದೇನೆ. ಮೊದಲ ಅರ್ಧದಲ್ಲಿ ಸ್ವಲ್ಪ ಉರಿಯಿತು ಎಂದು ಬರೆಸಿದ ಆ ಕೈಯ ಎರಡು ಬೆರಳು ಆಗಲೇ ಮುರಿದಿದ್ದವು. ಗ್ಲೌಸ್ ತೆಗೆದರೆ ಮತ್ತೆ ಹಾಕಿಕೊಳ್ಳಲಾಗುವುದಿಲ್ಲ ಎಂದು ಯಾರಿಗೂ ಹೇಳಲಿಲ್ಲವಂತೆ. ಈಗ ಮೊಣಕೈವರೆಗೆ ಪ್ಲಾಸ್ಟರ್ ಇದೆ. ಅಕ್ತರಬೀ ಅಮ್ಮನಿಗೂ ಓದಿ ಹೇಳಿರಿ, ಮುಕ್ತಾಳ ಆಯಿಗೆ ಮಾತ್ರ ಬೇಡ. ಎಕ್ಸ್-ರೇ ನೋಡಿದ ಡಾಕ್ಟರು, ಮುರಿದ ಕೈಯನ್ನೇ ಯಾಕೆ ಚಾಚಿದೆ ಎಂದು ಕೇಳಿದರೆ ಅವಳು ಹೇಳಿದ್ದು ಇಷ್ಟೇ: “ಎಡಗೈ ಅಲ್ಲಿತನ ಮುಟ್ಟತಿರಲಿಲ್ಲರಿ.”