ಪಾರ್ವತಿಯ ಜ್ವರ

ಜಾದವ್‌ಪುರ, ಕಲ್ಕತ್ತಾ
೨೬ ಸೆಪ್ಟೆಂಬರ್ ೧೯೭೩

ಪ್ರೀತಿಯ ಚಂದ್ರಾವತಿ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರಿಸಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂತರೆ ಕೈ ತೊಳೆದು ಬರೋಣ ಅನ್ನಿಸುತ್ತದೆ. ತೊಳೆದು ಬಂದು ಕೂತರೆ ಮತ್ತೆ ಅದೇ. ಬೆರಳ ಸಂದಿಯ ಚರ್ಮ ಸುಲಿದಿದೆ.

ನನ್ನ ಕೋಣೆಯಲ್ಲಿರುವ ಧಾರವಾಡದ ಪಾರ್ವತಿಯ ಬಗ್ಗೆ ಬರೆದಿದ್ದೆನಲ್ಲ. ಜೂನ್‌ನಲ್ಲಿ ನಮ್ಮ ಪ್ರಯೋಗಾಲಯಕ್ಕೆ ಸೇರಿದವಳು, ಅವಳಿಗೆ ಕೆಲಸ ಕಲಿಸುವ ಹೊಣೆ ನನ್ನದು. ಅವಳಿಗೆ ಟೈಫಾಯ್ಡ್ ಆಗಿತ್ತು. ಬೀದಿಯ ತಿಂಡಿಯಿಂದಲ್ಲ ಅಕ್ಕ, ನಮ್ಮ ಪ್ರಯೋಗಾಲಯದ ಮೇಜಿನಿಂದ.

ಆಗಸ್ಟ್ ೨೭, ಸೋಮವಾರ. ಪೂಜೆಯ ರಜೆಯೊಳಗೆ ಲಸಿಕೆಯ ಪರೀಕ್ಷೆ ಮುಗಿಯಲೇಬೇಕೆಂದು ಮುಖ್ಯಸ್ಥರ ಅವಸರ. ಟೈಫಾಯ್ಡ್ ರೋಗಾಣು ಬೆಳೆಸಿದ ದ್ರವವನ್ನು ಗಾಜಿನ ಪಿಪೆಟ್‌ಗೆ ಎಳೆದು ಅಳೆಯಬೇಕು. ಎಳೆಯುವ ರಬ್ಬರ್ ಬಲ್ಬು ಇದ್ದದ್ದು ಒಂದೇ, ಅದೂ ಸೀಳಿತ್ತು. "ಬಾಯಲ್ಲೇ ಎಳಿ, ಎಲ್ಲರೂ ಹಾಗೇ ಮಾಡೋದು" ಎಂದೆ. ದ್ರವ ಬಾಯಿಗೆ ಬರದಂತೆ ಪಿಪೆಟ್‌ನ ತುದಿಗೆ ಹತ್ತಿ ತುರುಕಿದೆಯೋ ಇಲ್ಲವೋ ನೋಡಲಿಲ್ಲ. ಅವಳು ಎಳೆಯುತ್ತಿದ್ದಾಗಲೇ ಕರೆಂಟ್ ಹೋಯಿತು. ಎಲ್ಲಿಯವರೆಗೆ ಏರಿತೆಂದು ಕಾಣಲಿಲ್ಲ.

"ಅಕ್ಕಾರ, ಒಂಚೂರು ಗಂಟಲಕ್ಕ ಹೋತ್ರೀ" ಎಂದು ನಕ್ಕಳು. ಹತ್ತು ಸಲ ಬಾಯಿ ಮುಕ್ಕಳಿಸಿದಳು.

ಅಪಘಾತದ ರಿಜಿಸ್ಟರ್ ತೆಗೆದೆ. ಬರೆದರೆ ವಿಚಾರಣೆ ಬರುತ್ತದೆ, ಕೆಲಸ ನಿಲ್ಲುತ್ತದೆ, ಹುಡುಗಿ ಚುಚ್ಚುಮದ್ದು ಹಾಕಿಸಿಕೊಂಡಿದ್ದಾಳಲ್ಲ ಎಂದರು ಮುಖ್ಯಸ್ಥರು. ಅಕ್ಟೋಬರ್‌ನಲ್ಲಿ ನನ್ನ ನೌಕರಿ ಕಾಯಂ ಆಗುವುದಿತ್ತು. ಮುಚ್ಚಿಟ್ಟುಬಿಟ್ಟೆ.

ಹತ್ತು ದಿನಕ್ಕೆ ಜ್ವರ ಹಿಡಿಯಿತು. ಬೀದಿ ತಿರುವಿನ ಡಾಕ್ಟರ್ ಬಾಬು ಮಲೇರಿಯಾ ಎಂದು ಮಾತ್ರೆ ಕೊಟ್ಟರು. ನಾಲ್ಕನೆಯ ದಿನ ಪಾರ್ವತಿ ಎದ್ದು ಕೂತು, "ಅವ್ವಾ, ಬಸ್ ಬಂತು, ಚೀಲ ಎಲ್ಲೈತಿ?" ಎಂದು ನನ್ನ ಸೆರಗು ಎಳೆಯತೊಡಗಿದಳು. ಮನೆಯೊಡತಿಯನ್ನು ಅವಳ ಪಕ್ಕದಲ್ಲಿ ಕೂರಿಸಿ, ಬರಿಗಾಲಲ್ಲೇ ಓಡಿದೆ. ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲವೆಂದು ಕೇಳಿದರು. 

ಅಂದೇ ಆಸ್ಪತ್ರೆಗೆ ಸೇರಿಸಿದೆವು. ರಕ್ತಪರೀಕ್ಷೆಯಲ್ಲಿ ಖಚಿತವಾಯಿತು. ಔಷಧಿ ಬದಲಾಗಿ ಆರನೆಯ ದಿನ ಜ್ವರ ಇಳಿಯಿತು. ಮೊನ್ನೆ ಕೋಣೆಗೆ ಬಂದಿದ್ದಾಳೆ. ಬಾಚಣಿಗೆ ಇಟ್ಟರೆ ಕೂದಲು ಕಿತ್ತು ಬರುತ್ತದೆ. ಅವಳ ತಟ್ಟೆ ಲೋಟ ಬೇರೆ ಇಟ್ಟು ಕುದಿಸುತ್ತೇನೆ, ಮೆತ್ತಗೆ ಗಂಜಿ ಮಾಡಿಕೊಡುತ್ತೇನೆ.

ರಿಜಿಸ್ಟರಿನಲ್ಲಿ ನಡೆದದ್ದನ್ನೆಲ್ಲ ಬರೆದು ನನ್ನ ಹೆಸರು ಹಾಕಿದೆ. ಮುಖ್ಯಸ್ಥರು ದನಿ ಎತ್ತಲಿಲ್ಲ. ನನ್ನನ್ನು ಬಾಟಲಿ ತೊಳೆಯುವ ವಿಭಾಗಕ್ಕೆ ಹಾಕಿದರು. ಕಾಯಂ ಆಗುವ ಮಾತು ಸದ್ಯಕ್ಕಿಲ್ಲ. ಆದರೆ ಆರು ಹೊಸ ರಬ್ಬರ್ ಬಲ್ಬು ಬಂದಿವೆ, ಬಾಯಿಂದ ಎಳೆಯಬಾರದೆಂಬ ಚೀಟಿ ಗೋಡೆಗೆ ಅಂಟಿದೆ. ದಿನಕ್ಕೆ ನಾಲ್ಕು ಸಲ ಏನಾದರೂ ನೆಪ ಮಾಡಿ ಪ್ರಯೋಗಾಲಯಕ್ಕೆ ಹೋಗಿ, ಯಾರಾದರೂ ಬಾಯಿಗಿಟ್ಟರೇ ಎಂದು ನೋಡಿ ಬರುತ್ತೇನೆ.

ಅಮ್ಮನಿಗೆ ಈಗಲೇ ಹೇಳಬೇಡ.

ನಿನ್ನ ತಂಗಿ,
ಕೋಕಿಲಾ

ಮರೆತದ್ದಲ್ಲ, ಬಿಟ್ಟದ್ದು: ಅದು ಮಲೇರಿಯಾ ಅಲ್ಲವೆಂದು ನನಗೆ ಜ್ವರ ಬಂದ ಮೊದಲ ಸಂಜೆಯೇ ಗೊತ್ತಿತ್ತು. ಹಣೆ ಮುಟ್ಟಿದೊಡನೆ ಗೊತ್ತಾಯಿತು. ನಾಲ್ಕು ದಿನ ಗೊತ್ತಿದ್ದೇ ಸುಮ್ಮನಿದ್ದೆ. ಕಾಗದ ಮಡಚುವ ಮೊದಲು ಇದನ್ನು ಪಾರ್ವತಿಗೂ ಹೇಳಿದೆ.  ಗೋಡೆಯ ಕಡೆ ತಿರುಗಿ ಮಲಗಿದಳು. ತುಸು ಹೊತ್ತಿನ ಮೇಲೆ ನೀರು ಕೇಳಿದಳು, ಕೊಟ್ಟೆ. ಕುಡಿದಳು. ಮೊದಲಿನಂತೆ ಅಕ್ಕಾರ ಎನ್ನಲಿಲ್ಲ.