ನಿಮ್ಮಲ್ಲಿ ಎರಡನೇ ದಿನ ಎಂಬುದಿದೆಯೇ?

ಗಿಂಡಿ ಬಡಾವಣೆಯ ವಾಟರ್ ಫಿಲ್ಟರ್ ಕಂಪನಿಯ ನೇಮಕಾತಿ ವಿಭಾಗದ ಮುಖ್ಯಸ್ಥರೇ,

ಈ ತಮಿಳು ಊರಿನಲ್ಲಿ ಕನ್ನಡ ಬಲ್ಲವರು ಬೇಕೆಂದು ನೀವು ಮತ್ತೆ ಮತ್ತೆ ಹಾಕುವ ಜಾಹೀರಾತು ಕೆಲಸ ಕೊಡುವುದಕ್ಕೋ, ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದಕ್ಕೋ? ನನಗೆ ಬಲವಾದ ಅನುಮಾನವಿದೆ. ಅದನ್ನು ನಿಮ್ಮೊಬ್ಬರಿಗೇ ಬರೆದರೆ ಇನ್ನೊಂದು ಸವಿಮಾತಿನ ಇಮೇಲ್ ಬರುತ್ತದೆ, ಅಷ್ಟೆ. ಆದ್ದರಿಂದ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ಮೊದಲ ಸಲ ಬಂದಾಗ 'ಧ್ವನಿ ಪರೀಕ್ಷೆ' ಎಂದಿರಿ. ಹೆಡ್‌ಫೋನ್ ಕೊಟ್ಟು, ಕರ್ನಾಟಕದ ನಿಮ್ಮ ಗ್ರಾಹಕರಿಗೆ ಫೋನ್ ಮಾಡಿ ಫಿಲ್ಟರ್ ಸರ್ವಿಸ್‌ಗೆ ಒಪ್ಪಿಸಲು ಕೂರಿಸಿದಿರಿ. ಬೆಳಿಗ್ಗೆ ಕೂತವಳು ಸಂಜೆ ಎದ್ದೆ. ಗಂಟಲು ಕಟ್ಟಿತ್ತು. ಆದರೂ ಮಗಳು ಹುಟ್ಟಿದ ಮೇಲೆ ಬಿಟ್ಟ ದುಡಿಮೆಗೆ ಮರಳಿದೆನೆಂದು, ಬಸ್ಸಿನಲ್ಲಿ ನಿಂತೇ ವೇಲಚೇರಿಯ ಮನೆಗೆ ಬರುವಾಗಲೂ ಖುಷಿಯಾಗಿತ್ತು. ಆಮೇಲೆ ನಿಮ್ಮ ಮೇಲ್ ಬಂತು: ನಿಮ್ಮ ಕನ್ನಡದಲ್ಲಿ ತಮಿಳು ಬೆರೆತಿದೆ, ಬೇಸರ ಬೇಡ, ಈ ನಿರಾಕರಣೆಯ ಪೂರ್ಣ ಸದುಪಯೋಗ ಮಾಡಿಕೊಳ್ಳಿ, ತಿದ್ದಿಕೊಂಡು ಮತ್ತೆ ಬನ್ನಿ.

ಮಾಡಿಕೊಂಡೆ ಸ್ವಾಮಿ, ದಡ್ಡಿ ನಾನು! ಮನೆಯಲ್ಲಿ 'ಸೀಕ್ರಂ ಬಾ' ಅನ್ನುವುದನ್ನು ಬಿಟ್ಟು 'ಬೇಗ ಬಾ' ಅಂದೆ. "ಅಮ್ಮಾ, ಏನ್ ಇಪ್ಪಡಿ ಪೇಸುರ?" ಎಂದು, ಯಾಕೆ ಹೀಗೆ ಮಾತಾಡ್ತೀಯ ಅನ್ನುವುದನ್ನೂ ತಮಿಳಿನಲ್ಲೇ ಕೇಳಿ ಮಗಳು ಅನು ನಕ್ಕಳು. ಮಂಡ್ಯದಿಂದ ಫೋನ್ ಮಾಡಿದ ನಮ್ಮಮ್ಮ ಮಾತ್ರ ನಗಲಿಲ್ಲ. "ಯಾಕವ್ವಾ, ಪರೀಕ್ಷೆಗೆ ಕೂತೋಳ್ ಥರ ಮಾತಾಡ್ತಿದ್ದೀಯ? ಯಾರಾದ್ರೂ ಏನಾದ್ರೂ ಅಂದ್ರಾ?" ಅಂದರು. ನನಗೆ ಅಳು ಬಂತು. ಹೆತ್ತವಳೊಂದಿಗೆ ಮಾತಾಡುವಾಗಲೂ ಒಂದೊಂದು ಪದ ತೂಗಿ ನೋಡುವ ಸ್ಥಿತಿಗೆ ನನ್ನನ್ನು ತಂದಿಟ್ಟಿದ್ದಿರಿ.

ತಿದ್ದಿಕೊಂಡು ಮತ್ತೆ ಬಂದೆ. ಮತ್ತೆ ಅದೇ ಪರೀಕ್ಷೆ, ಮತ್ತೆ ಸಂಜೆಯವರೆಗೆ. ಕೊನೆಯ ಕರೆ ಹಾಸನದ ಕಡೆಯ ಹುಚ್ಚಮ್ಮ ಎಂಬ ಹಿರಿಯರಿಗೆ. ನಿಮ್ಮವರು ಹೇಳಿಕೊಟ್ಟಂತೆಯೇ ಶುರು ಮಾಡಿದೆ: "ಅಮ್ಮಾ, ಇವತ್ತು ನನ್ನ ಮೊದಲನೇ ದಿನ. ತಪ್ಪಾದ್ರೆ ಬೇಜಾರ್ ಮಾಡ್ಕೋಬೇಡಿ."

"ಅಯ್ಯೋ ಬುಡವ್ವಾ! ಪೋನ್ ಮಾಡೋರೆಲ್ಲ ಇವತ್ತೇ ಮೊದಲ್ನೇ ದಿನ ಅಂತಾರೆ. ನೀರು ತೊಟ್ಟಿಕ್ತಾನೇ ಇಲ್ಲ, ರಿಪೇರಿಗೆ ಕಳಿಸಿ ಅಂದ್ರೆ ನಾಳೆ ಪೋನ್ ಮಾಡ್ತೀವಿ ಅಂತಾರೆ. ಒಬ್ರೂ ತಿರುಗಿ ಮಾಡಿಲ್ಲ. ನಿಮ್ಮಲ್ಲಿ ಎರಡ್ನೇ ದಿನ ಅನ್ನೋದೇ ಇಲ್ವಾ?"

ನಾನು ನಕ್ಕುಬಿಟ್ಟೆ. ನಾಳೆ ನಾನೇ ಖಂಡಿತ ಮಾಡ್ತೀನಮ್ಮ ಅಂದೆ. ಮರುದಿನ ಬೆಳಿಗ್ಗೆ ನಿಮ್ಮ ತೀರ್ಪು ಬಂತು: ಕನ್ನಡ ತೀರಾ ಪುಸ್ತಕದಂತಿದೆ. ಸದುಪಯೋಗದ ಸಾಲು ಮಾತ್ರ ಹಾಗೇ ಇತ್ತು.

"ನಿಂದು ಬರೀ ಅನುಮಾನ ಕಣೇ, ಅಷ್ಟು ದೊಡ್ಡ ಕಂಪನಿಯವ್ರು ಹಾಗೆಲ್ಲ ಮಾಡಲ್ಲ" ಎಂದರು ನಮ್ಮ ಯಜಮಾನರು. ಇರಬಹುದು. ಆದರೆ ನಮ್ಮದೇ ಅಪಾರ್ಟ್‌ಮೆಂಟಿನ ಸಂಗೀತಾ, ಧಾರವಾಡದವಳು, ಅವಳನ್ನೂ ಇಡೀ ದಿನ ಕೂರಿಸಿ 'ಕನ್ನಡ ಒರಟು' ಎಂದು ಕಳಿಸಿದ್ದೀರಿ. "ಅವ್ರಿಗೆ ಯಾ ಊರಿನ ಕನ್ನಡ ಬೇಕಂತರೀ? ಮಾರ್ಕ್ಸ್ ಹಾಕಾವ್ಗ ಕನ್ನಡ ಬರತೈತೇನು?" ಎಂದು ಅವಳು ಕೇಳಿದಳು. ಆಗ ಹೊಳೆಯಿತು. ಪಕ್ಕದಲ್ಲಿ ಕೂತು ಅಂಕ ಹಾಕಿದ ನಿಮ್ಮ ಅಧಿಕಾರಿ ನನ್ನೊಂದಿಗೆ ಒಂದಕ್ಷರ ಕನ್ನಡ ಆಡಲಿಲ್ಲ. ಹಾಗಾದರೆ ನನ್ನದು ಪುಸ್ತಕದ ಕನ್ನಡ ಎಂದು ತಿಳಿದದ್ದು ಯಾರಿಗೆ, ಅಲ್ಲಿದ್ದ ಗೋಡೆಗೋ?

ನಿರಾಕರಣೆಯ ಸದುಪಯೋಗ ಮಾಡಿಕೊಂಡವರು ನಾವಲ್ಲ, ನೀವು ಎಂಬ ಗುಮಾನಿ ನನ್ನದು. ಅದು ಸುಳ್ಳಾದರೆ, ಕನ್ನಡಕ್ಕೆಂದು ಕೂರಿಸಿದವರಲ್ಲಿ ನೀವು ನೇಮಿಸಿಕೊಂಡ ಒಬ್ಬರನ್ನಾದರೂ ತೋರಿಸಿ. ನಿಮ್ಮ ಬಾಗಿಲಲ್ಲೇ ನಿಂತು ಕ್ಷಮೆ ಕೇಳುತ್ತೇನೆ. ಪುಸ್ತಕದ ಕನ್ನಡದಲ್ಲೋ ಬೆರಕೆಯಲ್ಲೋ, ನೀವೇ ಆರಿಸಿ. ತೋರಿಸಲಾಗದಿದ್ದರೆ ಈ ಪರೀಕ್ಷೆ ನಿಲ್ಲಿಸಿ, ಕೂತು ಗಂಟಲು ಹರಿದುಕೊಂಡವರಿಗೆಲ್ಲ ಅದು ಪರೀಕ್ಷೆಯಲ್ಲ, ಕೆಲಸವಾಗಿತ್ತೆಂದು ಒಪ್ಪಿಕೊಳ್ಳಿ.

ಇನ್ನೊಂದು ಮಾತು. ಹುಚ್ಚಮ್ಮನವರ ನಂಬರು ನಿಮ್ಮಲ್ಲಿದೆ, ನನ್ನಲ್ಲಿಲ್ಲ. ಅವರ ಪಾಲಿಗೆ ಈಗ ನಾನೂ ಒಬ್ಬ ಸುಳ್ಳುಗಾತಿ, ಅದು ನನಗೆ ಸಹಿಸಲಾಗುತ್ತಿಲ್ಲ. ಯಾರನ್ನಾದರೂ ಸರಿ, ನಿಜವಾಗಿ ಕೆಲಸಕ್ಕೆ ತೆಗೆದುಕೊಂಡು ಅವರಿಂದ ಆ ತಾಯಿಗೆ ಒಂದು ಫೋನ್ ಮಾಡಿಸಿ. "ಅಮ್ಮಾ, ಇವತ್ತು ನನ್ನ ಎರಡನೇ ದಿನ" ಎಂದು ಹೇಳಲಿ.

ಇಂತಿ,
ನಿಮ್ಮಲ್ಲಿ ಎರಡು ಸಲ ಮೊದಲನೇ ದಿನ ಕಳೆದ
ವೀಕ್ಷಾ, ವೇಲಚೇರಿ